ಲೋಟಗಳ ಸದ್ದಿನ ನಡುವೆ ಪಿಯಾನೊ

1961ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ‘ವಿಲೇಜ್ ವ್ಯಾನ್‌ಗಾರ್ಡ್’ ಎಂಬ ನೆಲಮಾಳಿಗೆಯ ಜಾಝ್ ಕ್ಲಬ್ಬು. ಪಿಯಾನೊದ ಮುಂದೆ ಬಿಲ್ ಎವಾನ್ಸ್, ಬಾಸ್ ಹಿಡಿದು ಸ್ಕಾಟ್ ಲಫಾರೊ, ಡ್ರಮ್ಸ್‌ಗೆ ಪಾಲ್ ಮೋಶನ್. ಮಧ್ಯಾಹ್ನ ಎರಡು, ಸಂಜೆಯ ಮೇಲೆ ಮೂರು: ಒಂದೇ ದಿನ ಐದು ಸುತ್ತು ಕಛೇರಿ. ಮೊದಲ ಕೃತಿಯ ನಡುವೆ ಕರೆಂಟು ಕೈಕೊಟ್ಟು ಧ್ವನಿಮುದ್ರಣ ತುಂಡಾಯಿತು!

ಜನರೇನು ಉಸಿರು ಬಿಗಿಹಿಡಿದು ಕೂತಿರಲಿಲ್ಲ. ಲೋಟಗಳು ತಾಗುತ್ತವೆ, ಯಾರೋ ನಗುತ್ತಾರೆ, ಮಾತು ಮುಂದುವರಿಯುತ್ತದೆ. ಅದೆಲ್ಲ ಇಂದಿಗೂ ಮುದ್ರಿಕೆಯಲ್ಲಿ ಕೇಳಿಸುತ್ತದೆ.

ಲಫಾರೊನ ಬಾಸ್ ಬರಿಯ ತಾಳ ಕಾಯುವ ಪಕ್ಕವಾದ್ಯವಲ್ಲ. ಎವಾನ್ಸ್ ಒಂದು ಎಳೆ ಎತ್ತಿದರೆ ಆತ ಅದಕ್ಕೆ ಎದುರುತ್ತರ ಕೊಡುತ್ತಾನೆ, ಕೆಲವೊಮ್ಮೆ ಮಾತು ಮುಗಿಯುವ ಮೊದಲೇ. ಮೋಶನ್ ತೆಳುವಾದ ಬ್ರಷ್‌ಗಳಿಂದ ಡ್ರಮ್ಮನ್ನು ಸವರುತ್ತ ಇಬ್ಬರಿಗೂ ಜಾಗ ಬಿಡುತ್ತಾನೆ. ಮೂವರಲ್ಲಿ ಮುಖ್ಯ ವಾದಕ ಯಾರೆಂದು ಹೇಳುವುದು ಕಷ್ಟ.

ಆ ಕಛೇರಿ ಮುಗಿದು ಹನ್ನೊಂದೇ ದಿನ. ಜುಲೈ 6ರಂದು ಕಾರು ಅಪಘಾತದಲ್ಲಿ ಲಫಾರೊ ತೀರಿಕೊಂಡ. ವಯಸ್ಸು 25. ಎವಾನ್ಸ್ ತಿಂಗಳುಗಟ್ಟಲೆ ವೇದಿಕೆಯಿಂದ ದೂರ ಉಳಿದ. ‘ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’ ಆಲ್ಬಮ್ಮಿಗೆ ಗೆಳೆಯನ ಕೈಚಳಕ ಎದ್ದುಕಾಣುವ ಕೃತಿಗಳನ್ನೇ ಆರಿಸಲಾಯಿತು. ಅದರ ಮೊದಲ ಮತ್ತು ಕೊನೆಯ ರಚನೆಗಳು ಲಫಾರೊನವೇ. ಉಳಿದವುಗಳಿಂದ ‘ವಾಲ್ಟ್ಸ್ ಫಾರ್ ಡೆಬಿ’ ಎಂಬ ಇನ್ನೊಂದು ಆಲ್ಬಮ್ ಬಂತು.

ಜಾಝ್ ಹೊಸದೆನಿಸುವ ಕೇಳುಗರು ಈ ಎರಡನೆಯ ಆಲ್ಬಮ್ಮಿನ ಮೊದಲ ಕೃತಿ ‘ಮೈ ಫೂಲಿಶ್ ಹಾರ್ಟ್’ನಿಂದ ಶುರುಮಾಡಲಿ. ಐದೇ ನಿಮಿಷ ಸಾಕು. ಇಯರ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು.