ಹರಿವಿನ ಸೆಳೆತ, ವಿದ್ಯುತ್ತಿನ ಹಿಡಿತ



ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನ ಕಡೆ ತುಂಗಭದ್ರೆಗೆ ಒಂದು ಜೋಳದ ದಂಟನ್ನು ಅಡ್ಡಲಾಗಿ ಬಿಟ್ಟರೆ ಏನಾಗುತ್ತದೆ? ದಡದ ಬಳಿ ನೀರು ನಿಧಾನ, ನಡುಹೊಳೆಯಲ್ಲಿ ಚುರುಕು. ಈ ವೇಗದ ವ್ಯತ್ಯಾಸವೇ ದಂಟನ್ನು ಹರಿವಿನ ದಿಕ್ಕಿಗೆ ತಿರುಗಿಸುತ್ತದೆ. ಇಂಥ ಕಡ್ಡಿಯಾಕಾರದ ಅಣುಗಳಿಂದಲೇ ಆದ ದ್ರವವೊಂದು ನಿಮ್ಮ ಕ್ಯಾಲ್ಕುಲೇಟರಿನ ಪರದೆಯಲ್ಲಿದೆ. ಅದೇ ದ್ರವ ಸ್ಫಟಿಕ. ಅದು ನೀರಿನಂತೆ ಹರಿಯುತ್ತದೆ. ಆದರೆ ಅದರ ಅಣುಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ.

ಈ ಅಣುಗಳಿಗೆ ಯಜಮಾನರು ಇಬ್ಬರು. ಹರಿವು ಅವನ್ನು ತನ್ನ ದಿಕ್ಕಿಗೆ ಎಳೆಯುತ್ತದೆ. ಎರಡು ಗಾಜುಗಳ ನಡುವೆ ಒಂದೆರಡು ವೋಲ್ಟ್ ಕೊಟ್ಟರೆ, ಪರದೆಗಳಲ್ಲಿ ಸಾಮಾನ್ಯವಾಗಿ ಬಳಸುವ ಬಗೆಯ ಅಣುಗಳು ವಿದ್ಯುತ್ ಕ್ಷೇತ್ರದ ದಿಕ್ಕಿಗೆ ಎದ್ದು ನಿಲ್ಲುತ್ತವೆ. ಹಾಗೆ ನಿಂತ ಅಣುಗಳು ಹರಿವಿಗೆ ತಡೆಯಾಗುತ್ತವೆ. ಹರಿವಿನುದ್ದಕ್ಕೂ ಮಲಗಿದ್ದಾಗ ಸ್ನಿಗ್ಧತೆ ಕಡಿಮೆ. ಗಾಜಿಗೆ ಲಂಬವಾಗಿ ನಿಂತಾಗ ಅದು ಹಲವು ಪಟ್ಟು ಹೆಚ್ಚು. ಅಂದರೆ ಸ್ವಿಚ್ ಒತ್ತಿ ಒಂದು ದ್ರವವನ್ನು ಮಂದವಾಗಿಸಬಹುದು!

ಇದಕ್ಕೆ ತಿರುವುಮುರುವೂ ಉಂಟು. ಅಣುಗಳು ಹೊರಳುವಾಗ ಸುತ್ತಲಿನ ದ್ರವವೂ ಕದಲುತ್ತದೆ. ಆ ಕದಲಿಕೆ ಮತ್ತೆ ಅಣುಗಳನ್ನು ತಿರುಗಿಸುತ್ತದೆ. ಹರಿವನ್ನು ಬಿಟ್ಟು ದಿಕ್ಕಿನ ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತದೆ.

ದೂರದರ್ಶನದ ಕೆಲಸದವರಾದ ನಮಗೆ ಇದು ಬರಿಯ ಪಾಠವಲ್ಲ. ನಮ್ಮ ಪ್ರಸಾರದಲ್ಲಿ ಸೆಕೆಂಡಿಗೆ 25 ಚಿತ್ರಗಳು, ಒಂದಕ್ಕೆ 40 ಮಿಲಿಸೆಕೆಂಡು. ಅಷ್ಟರಲ್ಲಿ ಅಣುಗಳು ಹೊರಳಿ ಮುಗಿಯದಿದ್ದರೆ ಬೌಂಡರಿಗೆ ಓಡುವ ಚೆಂಡಿನ ಹಿಂದೆ ಬಾಲ ಕಾಣುತ್ತದೆ. ಪರಿಹಾರವೇನು? ಕಡಿಮೆ ಸ್ನಿಗ್ಧತೆಯ ದ್ರವ, ತೆಳುವಾದ ಪದರ. ಗಾಜುಗಳ ಅಂತರವನ್ನು ಅರ್ಧಕ್ಕೆ ಇಳಿಸಿದರೆ, ಕ್ಷೇತ್ರ ತೆಗೆದ ಮೇಲೆ ಅಣುಗಳು ಹಿಂದಿನ ಸ್ಥಿತಿಗೆ ಮರಳುವ ವೇಳೆ ಸುಮಾರು ಕಾಲುಭಾಗವಾಗುತ್ತದೆ.

ಈ ವಿಜ್ಞಾನ ನಮ್ಮ ನಾಡಿಗೆ ಹೊರಗಿನದಲ್ಲ. ಪ್ರೊ. ಎಸ್. ಚಂದ್ರಶೇಖರ್ ಅವರು 1960ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ 1971ರಿಂದ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ ದ್ರವ ಸ್ಫಟಿಕಗಳ ಅಧ್ಯಯನ ಬೆಳೆಸಿದರು. 1977ರಲ್ಲಿ ಅವರು, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಸೇರಿ, ಕಡ್ಡಿಗಳಷ್ಟೇ ಅಲ್ಲ, ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವೆಂದು ತೋರಿಸಿದರು. ಈ ಸಂಶೋಧನೆ ಪ್ರಕಟವಾದದ್ದು ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಪತ್ರಿಕೆಯಲ್ಲಿ. ಅದೇ ಸಂಸ್ಥೆಯ ಎನ್.ವಿ. ಮಧುಸೂದನ ಅವರು ವಿದ್ಯುತ್ ಕ್ಷೇತ್ರಕ್ಕೆ ದ್ರವ ಸ್ಫಟಿಕಗಳು ಹೇಗೆ ಸ್ಪಂದಿಸುತ್ತವೆಂಬುದನ್ನು ದಶಕಗಳ ಕಾಲ ಪರಿಶೀಲಿಸಿದರು.

ನೀವೂ ಒಂದು ಪ್ರಯೋಗ ಮಾಡಿ. ಹಳೆಯ ಕ್ಯಾಲ್ಕುಲೇಟರಿನಲ್ಲಿ ಅಂಕಿ ಮೂಡಿಸಿ, ಪರದೆಯನ್ನು ಬೆರಳಿನಿಂದ ಬಹಳ ಮೆಲ್ಲಗೆ ಒತ್ತಿ. ಒತ್ತಿದಲ್ಲಿ ನೆರಳು ಹರಡಿ, ಬೆರಳು ತೆಗೆದೊಡನೆ ಅಂಕಿ ಮತ್ತೆ ಸ್ಪಷ್ಟವಾಗುವುದನ್ನು ನೋಡಬಹುದು. ಒತ್ತಡ ಪದರವನ್ನು ತೆಳುವಾಗಿಸಿ ದ್ರವವನ್ನು ಹರಿಸಿತು, ಸಾಲು ಕದಡಿತು. ಗಾಜಿನ ಮೇಲ್ಮೈ ಮತ್ತು ವಿದ್ಯುತ್ ಕ್ಷೇತ್ರ ಸೇರಿ ಅದನ್ನು ಸರಿಪಡಿಸಿದವು. ಹಾಗೇಕೆ ಆಯಿತೆಂದು ನಿಮ್ಮ ಮೇಷ್ಟರನ್ನು ಕೇಳಿ, ಚರ್ಚಿಸಿ.