ದಾದಿಯರು ಕೇಳಬೇಕಾದ ಒಂದು ಮಾತು
(ಮುಂಬಯಿಯಲ್ಲಿ ಕನ್ನಡ ದಾದಿಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಏಳನೆಯ ಇಯತ್ತೆಯವರೆಗೆ ಓದಿ, ಹೋಟೆಲುಗಳಲ್ಲಿ ಕಪ್ಪು-ಬಸಿ ತೊಳೆದವನು. ವೈದ್ಯಶಾಸ್ತ್ರ ಬೋಧಿಸಲು ಬಂದವನಲ್ಲ. ನಮ್ಮವರು ತಮ್ಮೆದುರು ನುಂಗಿಕೊಳ್ಳುವ ಮಾತೊಂದನ್ನು ಅವರ ಪರವಾಗಿ ಆಡಲು ನಿಂತಿದ್ದೇನೆ.

ಗಂಡ ಇಲ್ಲಿ, ಹೆಂಡತಿ ಊರಲ್ಲಿ. ನಮ್ಮಲ್ಲಿ ಅನೇಕರ ಬಾಳು ಇದು. ಮೂತ್ರದಲ್ಲಿ ಉರಿ, ಗುಪ್ತಾಂಗದಲ್ಲಿ ಹುಣ್ಣು, ದಾಂಪತ್ಯದಲ್ಲಿ ಅಶಕ್ತತೆ ಬಂದರೆ ನಮ್ಮವನು ಆಸ್ಪತ್ರೆಯಲ್ಲಿ 'ಹೊಟ್ಟೆನೋವು' ಎನ್ನುತ್ತಾನೆ. ಸಂಜೆ ಗೋಡೆಯ ಮೇಲಿನ 'ಗುಪ್ತರೋಗ' ಜಾಹೀರಾತು ಹುಡುಕಿಕೊಂಡು ಹೋಗಿ ಸಂಬಳ ಸುರಿಯುತ್ತಾನೆ. ಆದುದರಿಂದ ಮೊದಲು ಕೇಳಬೇಕಾದವರು ತಾವು.

ಕೇಳುವುದಕ್ಕೂ ಒಂದು ಕ್ರಮವಿದೆ. 1976ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾಕ್ ಆ್ಯನನ್ ಅದಕ್ಕೆ ನಾಲ್ಕು ಮೆಟ್ಟಿಲು ಹೇಳಿದರು.

ಮೊದಲನೆಯದು, ಮಾತಿಗೆ ಅನುಮತಿ. "ಸಕ್ಕರೆ ಕಾಯಿಲೆಯವರಲ್ಲಿ ಹಲವರಿಗೆ ಗಂಡ-ಹೆಂಡಿರ ಸಂಬಂಧದಲ್ಲಿ ತೊಂದರೆಯಾಗುತ್ತದೆ. ನಿಮಗೂ ಹಾಗೇನಾದರೂ ಇದೆಯೇ ಅಣ್ಣಾ?" ಇಷ್ಟು ಕೇಳಿದರೆ ಸಾಕು, ತಾನೊಬ್ಬನೇ ಅಲ್ಲವೆಂದು ಅವನಿಗೆ ಧೈರ್ಯ ಬರುತ್ತದೆ.

ಎರಡನೆಯದು, ಬೇಕಾದಷ್ಟೇ ತಿಳಿವಳಿಕೆ. ಸಕ್ಕರೆ ಕಾಯಿಲೆ ನರಗಳಿಗೂ ರಕ್ತನಾಳಗಳಿಗೂ ಪೆಟ್ಟು ಕೊಡುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಅಶಕ್ತತೆ ಬರಬಹುದು. ಆದರೆ ಮಾತ್ರೆಯನ್ನು ತಾನಾಗಿ ಬಿಡಬಾರದು. ಡಾಕ್ಟರಿಗೆ ಹೇಳಿದರೆ ಬದಲಾಯಿಸಬಹುದು.

ಮೂರನೆಯದು, ಅವನಿಗೇ ತಕ್ಕ ಸಲಹೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವನು ಸಿಲ್ಡೆನಾಫಿಲ್ ಎಂಬ ಶಕ್ತಿಮಾತ್ರೆಯನ್ನು ನುಂಗಲೇಬಾರದು. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ತಾವು ಕೇಳದೆ ಹೋದರೆ ಇದನ್ನು ಅವನಿಗೆ ಹೇಳುವವರು ಯಾರು?

ನಾಲ್ಕನೆಯದು, ತಮ್ಮಿಂದಾಗದ್ದನ್ನು ತಜ್ಞರಿಗೆ ಒಪ್ಪಿಸುವುದು. ಲೈಂಗಿಕ ಸೋಂಕಿಗೆ ಸರಕಾರದ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಉಚಿತ ಚಿಕಿತ್ಸೆಯಿದೆ. ಸಂಗಾತಿಗೂ ಚಿಕಿತ್ಸೆಯಾಗದಿದ್ದರೆ ರೋಗ ಮರಳಿ ಬರುತ್ತದೆ.

ಹೆಂಗಸರ ಕಷ್ಟ ಇನ್ನೂ ಮೂಕವಾದದ್ದು. ಬಿಳಿಸೆರಗು, ಕೂಡುವಾಗಿನ ನೋವು, ಇವನ್ನು ಗಂಡನ ಎದುರು ಕೇಳಬೇಡಿ. ಅವನನ್ನು ಹೊರಗೆ ಕೂರಿಸಿ, ಪರದೆ ಎಳೆದು, ಕನ್ನಡದಲ್ಲಿ ಕೇಳಿರಿ.

ಗುಟ್ಟು ಹೊರಬಿದ್ದರೆ ಕೆಲಸ ಹೋದೀತೆಂಬುದೇ ನಮ್ಮವರ ದೊಡ್ಡ ಭಯ. ಎಚ್.ಐ.ವಿ. ಕುರಿತ 2017ರ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದ ಪರೀಕ್ಷೆಯನ್ನೂ, ಗುಟ್ಟು ಬಯಲುಮಾಡುವುದನ್ನೂ, ಕೆಲಸದಲ್ಲಿ ಭೇದವೆಣಿಸುವುದನ್ನೂ ಅದು ತಡೆಯುತ್ತದೆ. ಅಡಿಗೆಯಿಂದಲೋ ಪಾತ್ರೆಯಿಂದಲೋ ಎಚ್.ಐ.ವಿ. ಹರಡುವುದಿಲ್ಲವೆಂದು ಧಣಿಗಳಿಗೂ ತಿಳಿಯಬೇಕು.

ತಮ್ಮ ಕಷ್ಟವೂ ನಮಗೆ ಗೊತ್ತು. ರೋಗಿಗಳು ಹೆಚ್ಚು, ಕೈಗಳು ಕಡಮೆ. ಈ ಪ್ರಶ್ನೆಯನ್ನೇ ನೆಪಮಾಡಿ ಅಸಭ್ಯವಾಗಿ ಮಾತಾಡುವವನೂ ಉಂಟು. ಅಲ್ಲಿಗೇ ಮಾತು ನಿಲ್ಲಿಸಿ ಮೇಲಿನವರಿಗೆ ತಿಳಿಸುವುದು ತಮ್ಮ ಹಕ್ಕು. ಪ್ರತಿ ವಾರ್ಡಿಗೂ ಒಂದು ಪರದೆ, ರೋಗಿಯೊಡನೆ ಮಾತಾಡಲು ಹತ್ತು ನಿಮಿಷದ ಬಿಡುವು, ಇಷ್ಟನ್ನು ತಾವು ಆಡಳಿತದವರಲ್ಲಿ ಕೇಳಿರಿ. ತಮ್ಮ ಬೆನ್ನಿಗೆ ನಾವಿದ್ದೇವೆ. ತಾವೂ ದುಡಿಯುವವರೇ, ನಾವೂ ದುಡಿಯುವವರೇ.