ಮೂಲೆಯಲ್ಲಿ ಮಡಿಚಿಟ್ಟ ಕಹಳೆ

ಜಾತ್ರೆಯ ದಿನ ತೆಂಗಿನ ಮರಕ್ಕೆ ಕಟ್ಟಿದ ಧ್ವನಿವರ್ಧಕದ ಕಹಳೆಯನ್ನು ಕಾಣದವರಿಲ್ಲ. ಗ್ರಾಮಫೋನಿನ ಕಹಳೆಯೂ ಹಿರಿಯರಿಗೆ ಪರಿಚಿತ. ಇವುಗಳ ಬಂಧುವೊಂದು ಅಮೆರಿಕದ ಹಲವು ಮನೆಗಳಲ್ಲಿ ಬೀರುವಿನಂಥ ಮರದ ಪೆಟ್ಟಿಗೆಯೊಳಗೆ ಅಡಗಿ ಕುಳಿತಿದೆ. ಅಲ್ಲಿನ ಹವ್ಯಾಸಿಗಳು ಐವತ್ತು ಅರವತ್ತು ವರ್ಷ ಹಳೆಯ ಇಂಥ ಪೆಟ್ಟಿಗೆಗಳನ್ನು ಕೊಂಡು, ಒಂದಕ್ಕೊಂದು ಹೋಲಿಸಿ ಕೇಳಿ, ಮನೆಯಲ್ಲೇ ಹೊಳಪು ಕೊಟ್ಟು ಬಾಳಿಸುತ್ತಾರೆ. ಹಳೆಯದರಲ್ಲಿ ಯಾವುದನ್ನು ಹೊಸದು ಮಾಡಬಹುದು, ಯಾವುದನ್ನು ಮುಟ್ಟಬಾರದು ಎಂಬುದೇ ಅವರ ಮುಂದಿರುವ ಪ್ರಶ್ನೆ.

ಉತ್ತರಕ್ಕೆ ಕಹಳೆಯ ಕೆಲಸ ಅರಿಯಬೇಕು. ಕಂಪಿಸುವ ಪೊರೆ ಭಾರ, ಗಾಳಿ ಹಗುರ. ಪೊರೆಯೊಂದೇ ಗಾಳಿಯನ್ನು ನೂಕಿದಾಗ ಶಕ್ತಿಯ ಬಹುಪಾಲು ವ್ಯರ್ಥ. ಸಾಮಾನ್ಯ ಸ್ಪೀಕರ್ ತನಗೆ ದೊರೆತ ವಿದ್ಯುತ್ತಿನಲ್ಲಿ ಶೇ 1ರ ಆಸುಪಾಸನ್ನು ಮಾತ್ರ ಶಬ್ದವಾಗಿಸುತ್ತದೆ. ಕಿರಿದಾದ ಕೊರಳಿನಿಂದ ಅಗಲವಾದ ಬಾಯಿಯವರೆಗೆ ಕ್ರಮವಾಗಿ ಹಿಗ್ಗುವ ಕಹಳೆ, ಪೊರೆಗೂ ಹೊರಗಿನ ಗಾಳಿಗೂ ಹೊಂದಾಣಿಕೆ ತರುತ್ತದೆ. ಆಗ ಈ ಪ್ರಮಾಣ ಹತ್ತು ಪಟ್ಟನ್ನೂ ಮೀರಬಲ್ಲದು. 1920ರ ದಶಕದ ಕೊನೆಯಲ್ಲಿ ವಾಕ್ಚಿತ್ರ ಬಂದಾಗ ಕೆಲವೇ ವ್ಯಾಟ್‌ಗಳ ವಾಲ್ವ್ ಆಂಪ್ಲಿಫೈಯರ್ ಇಡೀ ಚಿತ್ರಮಂದಿರವನ್ನು ತುಂಬಿದ್ದು ಈ ಗುಣದಿಂದಲೇ.

ಆದರೆ 40 ಹರ್ಟ್ಸ್‌ನ ಮಂದ್ರ ಸ್ವರದ ಒಂದು ಅಲೆಯ ಉದ್ದ ಸುಮಾರು 8.5 ಮೀಟರ್. ಅದಕ್ಕೆ ತಕ್ಕ ಕಹಳೆ ಮನೆಯಲ್ಲಿ ಹಿಡಿಸದು. ಅರ್ಕಾನ್ಸಾ ರಾಜ್ಯದ ಹೋಪ್ ಎಂಬ ಪಟ್ಟಣದಲ್ಲಿ ನೆಲೆಸಿದ ಎಂಜಿನಿಯರ್ ಪಾಲ್ ಕ್ಲಿಪ್ಶ್ ಇದಕ್ಕೆ ಉಪಾಯ ಕಂಡರು. ಕಹಳೆಯನ್ನು ಪೆಟ್ಟಿಗೆಯೊಳಗೆ ಮಡಿಚಿ, ಪೆಟ್ಟಿಗೆಯನ್ನು ಕೋಣೆಯ ಮೂಲೆಗೆ ಒತ್ತಿ ನಿಲ್ಲಿಸಿದರು. ಎರಡು ಗೋಡೆಗಳೂ ನೆಲವೂ ಕಹಳೆಯ ಕೊನೆಯ ಭಾಗವಾದವು! 1943ರಲ್ಲಿ ಪೇಟೆಂಟ್ ದೊರೆಯಿತು, 1946ರಲ್ಲಿ ಕಂಪನಿ ಆರಂಭವಾಯಿತು. ಇದೇ ಕ್ಲಿಪ್ಶಾರ್ನ್. 1963ರಲ್ಲಿ ಬಂದ ತಮ್ಮ ಲಾ ಸ್ಕಾಲಾಕ್ಕೆ ಮೂಲೆ ಬೇಕಿಲ್ಲ. ಆದರೆ ಅದರ ಮಂದ್ರ ಅಣ್ಣನಷ್ಟು ಆಳಕ್ಕೆ ಇಳಿಯದು.

ಹೋಲಿಕೆಯಲ್ಲಿ ಕಿವಿ ಸುಲಭವಾಗಿ ಮೋಸಹೋಗುತ್ತದೆ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಕ್ಲಿಪ್ಶಾರ್ನ್ ಸುಮಾರು 104 ಡೆಸಿಬೆಲ್ ನುಡಿಯುತ್ತದೆ, ಸಾಮಾನ್ಯ ಸ್ಪೀಕರ್ ಸುಮಾರು 88. ಈ ಅಂತರವನ್ನು ತುಂಬಲು ಎರಡನೆಯದಕ್ಕೆ 40 ಪಟ್ಟು ಶಕ್ತಿ ಬೇಕು. ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಎನ್ನುವುದು ಕಿವಿಯ ಸ್ವಭಾವ. ಆದ್ದರಿಂದ ಮೊದಲು ಶಬ್ದಮಾಪಕದಿಂದ ಎರಡರ ಮಟ್ಟವನ್ನೂ ಸಮ ಮಾಡಬೇಕು. ಒಂದೇ ಧ್ವನಿಮುದ್ರಣವನ್ನು, ಯಾವುದು ನುಡಿಯುತ್ತಿದೆಯೆಂದು ಕೇಳುವವರಿಗೆ ತಿಳಿಯದಂತೆ ಹಾಕಬೇಕು. ಹಳೆಯ ಕ್ಲಿಪ್ಶಾರ್ನನ್ನು ಕೋಣೆಯ ನಡುವೆ ನಿಲ್ಲಿಸಿ ತೀರ್ಪು ಕೊಡುವುದಂತೂ ಅರ್ಧ ವಾದ್ಯವನ್ನು ಕೇಳಿದಂತೆ.

ಇನ್ನು ಮರದ ಕೆಲಸ. ಪೆಟ್ಟಿಗೆಯ ಮೇಲಿನ ವಾಲ್‌ನಟ್ ಹೊದಿಕೆ ಎಷ್ಟೋ ಸಲ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಯಂತ್ರದಿಂದ ಉಜ್ಜಿದರೆ ಕ್ಷಣಾರ್ಧದಲ್ಲಿ ಅಡಿಯ ಪ್ಲೈವುಡ್ ಕಾಣುತ್ತದೆ, ಅದಕ್ಕೆ ಮದ್ದಿಲ್ಲ. ಬಲ್ಲವರು ಮೊದಲು ಕೊಳೆಯನ್ನಷ್ಟೇ ಒರೆಸಿ ನೋಡುತ್ತಾರೆ. ಅನೇಕ ವೇಳೆ ಅಷ್ಟೇ ಸಾಕು. ಬಳಿಕ ನವುರಾದ ಕಾಗದದಿಂದ ಎಳೆಯ ದಿಕ್ಕಿನಲ್ಲಿ ಕೈಯಿಂದ ಉಜ್ಜಿ, ಅಗಸೆ ಎಣ್ಣೆ ಹಚ್ಚಿ, ಹೆಚ್ಚಾದುದನ್ನು ಒರೆಸುತ್ತಾರೆ. ಎಣ್ಣೆಯ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬಾರದು, ಅದು ತಾನಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಗಿಸಬೇಕು.

ಹೊರಮೈಗೆ ಇಷ್ಟು ಸ್ವಾತಂತ್ರ್ಯವಿದೆ, ಒಳಗೆ ಇಲ್ಲ. ಒಳಗಿನ ಹಲಗೆಗಳು ಬರಿಯ ಆಧಾರವಲ್ಲ, ಅವೇ ಕಹಳೆ. ಅವುಗಳ ಓರೆ ಬದಲಾದರೆ ಸ್ವರವೂ ಬದಲಾಗುತ್ತದೆ. ಗೋಡೆಗೆ ತಾಗುವ ಅಂಚಿನ ಸಂದಿಯಲ್ಲಿ ಗಾಳಿ ಸೋರಿದರೆ ಮಂದ್ರ ಸೊರಗುತ್ತದೆ; ಅದಕ್ಕೆ ಸ್ಪಂಜಿನ ಪಟ್ಟಿ ಸಾಕು, ಬೇಡವೆಂದಾಗ ಕಿತ್ತರಾಯಿತು. ವಯಸ್ಸಾದ ಕೆಪಾಸಿಟರ್‌ಗಳನ್ನು ಬದಲಿಸಲೇಬೇಕಾಗಬಹುದು. ಆಗ ಅದೇ ಮೌಲ್ಯದ್ದನ್ನು ಹಾಕಿ, ಹಳೆಯದನ್ನು ಚೀಟಿ ಬರೆದು ತೆಗೆದಿಡುವುದು ಒಳ್ಳೆಯದು. ಹಿಂಬದಿಯ ಕ್ರಮಸಂಖ್ಯೆಯ ಚೀಟಿಯನ್ನಂತೂ ಅಳಿಸಬಾರದು, ಅದು ಆ ಪೆಟ್ಟಿಗೆಯ ಜನ್ಮಪತ್ರ.

ಹಿಂದಕ್ಕೆ ತರಬಹುದಾದ ಬದಲಾವಣೆಗೆ ಅಂಜಬೇಕಿಲ್ಲ. ತರಲಾಗದ್ದಕ್ಕೆ ಕೈಹಾಕುವ ಮುನ್ನ ಒಂದು ದಿನ ಕಾಯಬೇಕು. ದೇಗುಲದ ಶಿಲ್ಪಕ್ಕೆ ಸುಣ್ಣ ಬಳಿದದ್ದನ್ನು ಕಂಡ ನಾಡಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.